ಜನರ ದುಡ್ಡಿನಲ್ಲಿ ತೆಗೆದ ಚಿತ್ರಗಳು



ಶಾಲೆಯ ವಾರ್ಷಿಕ ಸಂಚಿಕೆ ಮಾಡುವ ಮೇಷ್ಟ್ರು, ತಾಲ್ಲೂಕು ಕೇಂದ್ರದಿಂದ ವಾರಪತ್ರಿಕೆ ಹೊರಡಿಸುವ ಸಂಪಾದಕರು, ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸುವ ಲೇಖಕರು, ಪಂಚಾಯಿತಿ ಕಟ್ಟಡದ ಗೋಡೆಗೆ ಡೆಂಗಿ ಜ್ವರದ ಭಿತ್ತಿಪತ್ರ ಅಂಟಿಸುವ ಆರೋಗ್ಯ ಕಾರ್ಯಕರ್ತೆಯರು, ಇವರಿಗೆಲ್ಲ ಒಂದೇ ತೊಡಕು ಎದುರಾಗುತ್ತದೆ. ಬರಹ ಸಿದ್ಧವಾಗಿರುತ್ತದೆ, ಚಿತ್ರ ಇರುವುದಿಲ್ಲ. ಆಗ ನಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತೇವೆ? ಗೂಗಲ್‌ನಲ್ಲಿ ಹುಡುಕಿ, ಮೊದಲು ಕಣ್ಣಿಗೆ ಬಿದ್ದ ಫೋಟೊವನ್ನು ಇಳಿಸಿಕೊಂಡು ಅಂಟಿಸಿಬಿಡುತ್ತೇವೆ. ಅದನ್ನು ತೆಗೆದವರು ಯಾರು, ಅದರಲ್ಲಿರುವವರು ಯಾರು, ಅದು ಎಲ್ಲಿಯದು ಎಂದು ವಿಚಾರಿಸಲು ಹೋಗುವುದಿಲ್ಲ. ಕೆಲವರು ಹಕ್ಕಿನ ಪ್ರಶ್ನೆ ಬರಬಹುದೆಂದು ಹೆದರಿ ಚಿತ್ರದ ಆಸೆಯನ್ನೇ ಬಿಡುತ್ತಾರೆ. ದುಡ್ಡಿದ್ದವರು ಚಿತ್ರ ಮಾರುವ ಕಂಪನಿಗಳಿಂದ ಕೊಳ್ಳುತ್ತಾರೆ.

ಇವಿಷ್ಟೇ ದಾರಿಗಳಲ್ಲ. ಇನ್ನೊಂದು ನೇರವಾದ, ಕಾನೂನಿಗೆ ಒಪ್ಪುವ, ಕಾಸು ಖರ್ಚಿಲ್ಲದ ದಾರಿ ಇದೆ. ಸರ್ಕಾರಗಳು ತಮ್ಮ ಕೆಲಸಕ್ಕಾಗಿ ತೆಗೆಸಿದ, ಈಗ ಯಾರು ಬೇಕಾದರೂ ಬಳಸಬಹುದಾದ ಲಕ್ಷಾಂತರ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ತೆರೆದಿವೆ. ಅವು ಎಲ್ಲಿವೆ, ಹೇಗೆ ಹುಡುಕುವುದು, ಬಳಸುವಾಗ ನಮ್ಮ ಮೇಲಿರುವ ಹೊಣೆ ಯಾವುದು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಜನರ ದುಡ್ಡಿನಲ್ಲಿ ತೆಗೆದ ಚಿತ್ರ ಜನರಿಗೇ ಸೇರಬೇಕು, ಸೇರಿದ ಮೇಲೆ ಜನರೂ ಅದನ್ನು ಮರ್ಯಾದೆಯಿಂದ ನಡೆಸಿಕೊಳ್ಳಬೇಕು ಎಂಬುದು ನನ್ನ ನಂಬಿಕೆ. ಉಳಿದದ್ದೆಲ್ಲ ಇದರ ವಿವರಣೆ.

ನೀವೆಲ್ಲ ನೋಡಿರುವ ಒಂದು ಚಿತ್ರದಿಂದಲೇ ಶುರು ಮಾಡೋಣ. 2020ರಲ್ಲಿ ಕೋವಿಡ್ ಬಂದಾಗ ಟಿವಿಯಲ್ಲಿ, ಪತ್ರಿಕೆಗಳಲ್ಲಿ, ಬಸ್ ನಿಲ್ದಾಣದ ಫಲಕಗಳಲ್ಲಿ ಬೂದು ಬಣ್ಣದ ಒಂದು ಗೋಳ ಕಾಣುತ್ತಿತ್ತು. ಅದರ ಮೈತುಂಬ ಕೆಂಪು ಮುಳ್ಳುಗಳು. ಕೊರೊನಾ ವೈರಸ್ ಎಂದರೆ ನಮ್ಮ ಮನಸ್ಸಿಗೆ ಬರುವ ರೂಪವೇ ಅದು. ಅದು ಫೋಟೊ ಅಲ್ಲ, ಕಂಪ್ಯೂಟರಿನಲ್ಲಿ ರಚಿಸಿದ ವೈದ್ಯಕೀಯ ಚಿತ್ರ. ಮಾಡಿದವರು ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್. ಇಬ್ಬರೂ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯ ನೌಕರರು. ಸಂಬಳದ ಕೆಲಸವಾಗಿ ಮಾಡಿದ ಆ ಚಿತ್ರವನ್ನು ಸಂಸ್ಥೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರ ಅನುಮತಿಗೂ ಕಾಯದೆ, ಯಾರಿಗೂ ಶುಲ್ಕ ಕಟ್ಟದೆ ಜಗತ್ತಿನ ಮೂಲೆಮೂಲೆಯ ಪತ್ರಿಕೆಗಳು ಅದನ್ನು ಬಳಸಿದವು. ಕಾಯಿಲೆಯೊಂದು ಹರಡುತ್ತಿರುವಾಗ ಅದರ ಚಿತ್ರವೂ ಅಷ್ಟೇ ಬೇಗ ತಲುಪಬೇಕಾಗುತ್ತದೆ. ಹಕ್ಕಿನ ಬೇಲಿ ಇಲ್ಲದ್ದರಿಂದ ಅದು ಸಾಧ್ಯವಾಯಿತು.

ಬೇಲಿ ಏಕೆ ಇರಲಿಲ್ಲ? ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯ 105ನೆಯ ಸೆಕ್ಷನ್ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರದ ನೌಕರರು ತಮ್ಮ ಕರ್ತವ್ಯದ ಭಾಗವಾಗಿ ಮಾಡಿದ ಕೃತಿಗೆ ಆ ದೇಶದಲ್ಲಿ ಹಕ್ಕುಸ್ವಾಮ್ಯವೇ ಹುಟ್ಟುವುದಿಲ್ಲ. ಈಗಿನ ರೂಪದ ಕಾಯಿದೆ 1976ರದು, ಆದರೆ ಈ ವಿಚಾರದ ಬೇರು 1895ರ ಮುದ್ರಣ ಕಾನೂನಿನಷ್ಟು ಹಿಂದಕ್ಕೆ ಹೋಗುತ್ತದೆ. ತೆರಿಗೆ ಕಟ್ಟಿದ ಪ್ರಜೆ ಒಮ್ಮೆ ದುಡ್ಡು ಕೊಟ್ಟಾಗಿದೆ, ಅದೇ ಕೆಲಸಕ್ಕೆ ಎರಡನೆಯ ಸಲ ಕೊಡಬೇಕಾಗಿಲ್ಲ ಎಂಬುದು ಅದರ ಹಿಂದಿನ ನ್ಯಾಯ. ಹೊರದೇಶಗಳಲ್ಲಿ ಹಕ್ಕು ಕೇಳುವ ಅವಕಾಶವನ್ನು ಆ ಕಾಯಿದೆ ಪೂರ್ತಿ ಮುಚ್ಚಿಲ್ಲ ಎಂಬುದೂ ನಿಜ. ಆದರೂ ನಾಸಾ, ಸಿಡಿಸಿಯಂಥ ಸಂಸ್ಥೆಗಳ ಚಿತ್ರಗಳನ್ನು ಜಗತ್ತಿನ ಎಲ್ಲ ಕಡೆ ಜನ ಮುಕ್ತವಾಗಿ ಬಳಸುತ್ತ ಬಂದಿದ್ದಾರೆ.

ಈ ಚಿತ್ರರಾಶಿಯಲ್ಲಿ ನನ್ನ ಮನಸ್ಸನ್ನು ಅತಿಯಾಗಿ ಹಿಡಿದದ್ದು 1930ರ ದಶಕದ ಒಂದು ಸಂಗ್ರಹ. ಆಗ ಅಮೆರಿಕದಲ್ಲಿ ಆರ್ಥಿಕ ಕುಸಿತ. ಮಧ್ಯ ಪ್ರಾಂತಗಳಲ್ಲಿ ಬರ ಬಿದ್ದು, ಉತ್ತ ಹೊಲದ ಮೇಲ್ಮಣ್ಣು ಗಾಳಿಗೆ ಎದ್ದು ಧೂಳಿನ ಬಿರುಗಾಳಿಯಾಗಿ ಹಾರುತ್ತಿತ್ತು. ಸಾವಿರಾರು ರೈತ ಸಂಸಾರಗಳು ಮನೆಮಠ ಬಿಟ್ಟು ಕ್ಯಾಲಿಫೋರ್ನಿಯಾದ ಕಡೆ ಕೂಲಿ ಹುಡುಕುತ್ತ ಹೊರಟವು. ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ ಇಂಥ ರೈತರ ನೆರವಿಗೆಂದು 1935ರಲ್ಲಿ ಒಂದು ಇಲಾಖೆ ತೆರೆಯಿತು. 1937ರಲ್ಲಿ ಅದು ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಆಯಿತು. ಹಳ್ಳಿಗಳ ಸ್ಥಿತಿಯನ್ನು ಪಟ್ಟಣದ ಜನರಿಗೂ ಶಾಸಕರಿಗೂ ಕಾಣಿಸದೆ ಈ ನೆರವಿಗೆ ಬೆಂಬಲ ಸಿಗುವುದಿಲ್ಲ ಎಂದು ಇಲಾಖೆಗೆ ಗೊತ್ತಿತ್ತು. ಹಾಗಾಗಿ ಅದರೊಳಗೆ ಒಂದು ಫೋಟೊ ವಿಭಾಗ ಹುಟ್ಟಿತು. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್. ಅರ್ಥಶಾಸ್ತ್ರ ಓದಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು, ಕ್ಯಾಮೆರಾ ಹಿಡಿಯುವವರಲ್ಲ. ಆದರೆ ಯಾರನ್ನು ಎಲ್ಲಿಗೆ ಕಳಿಸಬೇಕು, ಏನನ್ನು ನೋಡಿ ಬರಲು ಹೇಳಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಕಳಿಸಿದವರಲ್ಲಿ ಡೊರೊತಿಯಾ ಲ್ಯಾಂಗ್, ವಾಕರ್ ಇವಾನ್ಸ್, ಆರ್ಥರ್ ರಾಥ್‌ಸ್ಟೈನ್, ರಸೆಲ್ ಲೀ, ಮೇರಿಯನ್ ಪೋಸ್ಟ್ ವಾಲ್ಕಾಟ್, ಜ್ಯಾಕ್ ಡೆಲಾನೊ ಇದ್ದರು. 1942ರಲ್ಲಿ ಗಾರ್ಡನ್ ಪಾರ್ಕ್ಸ್ ಎಂಬ ಕಪ್ಪು ಯುವಕ ಸೇರಿದರು. ರಾಜಧಾನಿಯ ಸರ್ಕಾರಿ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನು, ದೊಡ್ಡ ರಾಷ್ಟ್ರಧ್ವಜದ ಮುಂದೆ ಪೊರಕೆಯೊಂದಿಗೆ ನಿಲ್ಲಿಸಿ ಅವರು ತೆಗೆದ ಚಿತ್ರ ಇಂದಿಗೂ ನೋಡಿದವರನ್ನು ಕಲಕುತ್ತದೆ. ಸರ್ಕಾರಿ ವಿಭಾಗದಲ್ಲಿ ಇದ್ದುಕೊಂಡೇ ಸರ್ಕಾರಕ್ಕೆ ಮುಜುಗರವಾಗುವಂಥ ಸತ್ಯವನ್ನೂ ಅವರು ದಾಖಲಿಸಿದರು. ಇಂಥ ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳು, 1,600ರಷ್ಟು ಬಣ್ಣದ ಪಾರದರ್ಶಿಕೆಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 1944ರಲ್ಲಿ ಸಂಗ್ರಹ ಅಲ್ಲಿಗೆ ಸೇರಿತು.

ಸ್ಟ್ರೈಕರ್ ಬೇಡವೆಂದ ಎಷ್ಟೋ ನೆಗೆಟಿವ್‌ಗಳನ್ನು ಮೊದಲ ವರ್ಷಗಳಲ್ಲಿ ರಂಧ್ರ ಹೊಡೆದು ಕೆಡಿಸಲಾಗಿತ್ತು. ಛಾಯಾಗ್ರಾಹಕರಿಗೆ ಅದು ನೋವಿನ ಸಂಗತಿ. ಆದರೆ ಹಾಗೆ ತೂತು ಬಿದ್ದ ಚಿತ್ರಗಳನ್ನೂ ಗ್ರಂಥಾಲಯ ಎಸೆಯಲಿಲ್ಲ, ಸ್ಕ್ಯಾನ್ ಮಾಡಿ ತಾಣದಲ್ಲಿ ಇಟ್ಟಿದೆ. ಒಬ್ಬ ರೈತನ ಮುಖದ ನಡುವೆ ಕಪ್ಪು ವೃತ್ತ ಕಾಣುವ ಆ ಚಿತ್ರಗಳು ಯಾರು ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬ ಚರಿತ್ರೆಯನ್ನೂ ಹೇಳುತ್ತವೆ. ಸಾರ್ವಜನಿಕ ಸಂಗ್ರಹದ ದೊಡ್ಡತನ ಇಲ್ಲಿದೆ. ಅದು ಚಂದದ ಚಿತ್ರವನ್ನು ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡುವುದಿಲ್ಲ.

ಈಗ ಹುಡುಕುವ ವಿಧಾನಕ್ಕೆ ಬರುತ್ತೇನೆ. ಹತ್ತಿರದಲ್ಲಿ ಪೆನ್ನು ಇದ್ದರೆ ನಾಲ್ಕು ಮಾತು ಬರೆದುಕೊಳ್ಳಿ.

ಮೊದಲನೆಯದು, ಮೂಲಕ್ಕೆ ಹೋಗಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು, ಯಾರೋ ತಮ್ಮ ಪುಟದಲ್ಲಿ ಹಾಕಿಕೊಂಡದ್ದು ಮೂಲವಲ್ಲ. ಅಮೆರಿಕದ ಇತಿಹಾಸ ಬೇಕಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಅಲ್ಲಿನ ರಾಷ್ಟ್ರೀಯ ಪತ್ರಾಗಾರ. ಆಕಾಶ, ಗ್ರಹ, ಭೂಮಿಯ ಚಿತ್ರಗಳಿಗೆ ನಾಸಾ. ಸೊಳ್ಳೆ, ರೋಗಾಣು, ಲಸಿಕೆಗೆ ಸಿಡಿಸಿಯ ಸಾರ್ವಜನಿಕ ಆರೋಗ್ಯ ಚಿತ್ರಾಲಯ. ಕಡಲು, ಚಂಡಮಾರುತ, ಹವಾಮಾನಕ್ಕೆ ಅಲ್ಲಿನ ಕಡಲು ಮತ್ತು ಹವಾಮಾನ ಸಂಸ್ಥೆಯಾದ ನೋವಾ. ಹಕ್ಕಿ, ಮೀನು, ಕಾಡುಪ್ರಾಣಿಗೆ ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ. ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು 2020ರ ಫೆಬ್ರುವರಿಯಲ್ಲಿ ಒಂದೇ ಸಲಕ್ಕೆ 28 ಲಕ್ಷ ಚಿತ್ರಗಳನ್ನು ಹಕ್ಕಿನ ನಿರ್ಬಂಧವಿಲ್ಲದೆ ತೆರೆದಿಟ್ಟವು.

ಎರಡನೆಯದು, ಅವರ ಪಟ್ಟಿಯಲ್ಲಿರುವ ಪದದಿಂದ ಹುಡುಕಿ. ವಿವರಗಳೆಲ್ಲ ಇಂಗ್ಲಿಷಿನಲ್ಲಿವೆ. ಪ್ರಾಣಿ ಸಸ್ಯಗಳ ವಿಷಯದಲ್ಲಿ ವೈಜ್ಞಾನಿಕ ಹೆಸರು ಕೊಟ್ಟರೆ ಕೆಲಸ ಸಲೀಸು. ಡೆಂಗಿ ಸೊಳ್ಳೆ ಬೇಕಾದರೆ ಬರೀ ಸೊಳ್ಳೆ ಎಂದು ಹುಡುಕಬೇಡಿ, ಈಡಿಸ್ ಈಜಿಪ್ಟೈ ಎಂಬ ಹೆಸರಿನಲ್ಲಿ ಹುಡುಕಿ. ಸಿಡಿಸಿಯ ಛಾಯಾಗ್ರಾಹಕ ಜೇಮ್ಸ್ ಗ್ಯಾಥನಿ ತೆಗೆದ, ಹೊಟ್ಟೆ ಕೆಂಪಗೆ ಉಬ್ಬುವಂತೆ ರಕ್ತ ಹೀರುತ್ತಿರುವ ಸೊಳ್ಳೆಯ ಚಿತ್ರ ಸಿಗುತ್ತದೆ. ಕಾಲಿನ ಬಿಳಿ ಪಟ್ಟೆ ಕೂಡ ಸ್ಪಷ್ಟ. ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಗೆ ಇದಕ್ಕಿಂತ ಉಪಯುಕ್ತ ಚಿತ್ರ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗಲಾರದು.

ಮೂರನೆಯದು, ಹಕ್ಕಿನ ಸಾಲನ್ನು ಓದಿ. ಪ್ರತಿ ಚಿತ್ರದ ಜೊತೆ ಹಕ್ಕುಗಳ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಎಷ್ಟೋ ಚಿತ್ರಗಳಿಗೆ, ಪ್ರಕಟಣೆಗೆ ತಿಳಿದಿರುವ ನಿರ್ಬಂಧಗಳಿಲ್ಲ ಎಂಬ ಅರ್ಥದ ಸಾಲು ಇದೆ. ಗ್ರಂಥಾಲಯ ಗ್ಯಾರಂಟಿ ಕೊಡುತ್ತಿಲ್ಲ, ತನಗೆ ತಿಳಿದ ಮಟ್ಟಿಗೆ ಅಡ್ಡಿಯಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದೆ. ಸರ್ಕಾರಿ ತಾಣದಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸರ್ಕಾರಿ ಕೃತಿಯಾಗಿಬಿಡುವುದಿಲ್ಲ. ಖಾಸಗಿಯವರು ಕೊಟ್ಟದ್ದು, ಗುತ್ತಿಗೆದಾರರು ಮಾಡಿದ್ದು, ಬೇರೆ ದೇಶದವರ ಜೊತೆ ಸೇರಿ ಮಾಡಿದ್ದು, ಎಲ್ಲವೂ ಒಂದೇ ಪುಟದಲ್ಲಿರಬಹುದು. ನಾಸಾ ಪುಟದಲ್ಲಿ ಯುರೋಪಿನ ಅಂತರಿಕ್ಷ ಸಂಸ್ಥೆಯ ಹೆಸರಿದ್ದರೆ ಅವರ ನಿಯಮವನ್ನೂ ನೋಡಬೇಕು. ಅಮೆರಿಕದ ಆ ಕಾಯಿದೆ ಕೇಂದ್ರ ಸರ್ಕಾರಕ್ಕೆ ಮಾತ್ರ ಅನ್ವಯಿಸುತ್ತದೆ. ಅಲ್ಲಿನ ರಾಜ್ಯ ಸರ್ಕಾರಗಳ ಚಿತ್ರಗಳಿಗೆ ಬೇರೆ ಬೇರೆ ನಿಯಮಗಳಿವೆ.

ನಾಲ್ಕನೆಯದು, ದೊಡ್ಡ ಪ್ರತಿಯನ್ನೇ ಇಳಿಸಿಕೊಳ್ಳಿ. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಅಚ್ಚಿನಲ್ಲಿ ಮಸುಕಾಗಿ ಬರುವುದನ್ನು ಮುದ್ರಣಾಲಯದವರು ದಿನಾ ನೋಡುತ್ತಾರೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಬೇಕು ಎಂಬುದು ರೂಢಿ. ಅಂದರೆ 6 ಅಂಗುಲ ಅಗಲದ ಚಿತ್ರಕ್ಕೆ 1,800 ಪಿಕ್ಸೆಲ್. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಟಿಫ್ ರೂಪದ ದೊಡ್ಡ ಕಡತ ಸಿಗುತ್ತದೆ. ಸ್ವಲ್ಪ ಸಮಯ ಹಿಡಿದರೂ ಅದನ್ನೇ ತೆಗೆದುಕೊಳ್ಳಿ. ಆಗಲೇ ಚಿತ್ರದ ಸಂಖ್ಯೆ, ತೆಗೆದವರ ಹೆಸರು, ಊರು, ಇಸವಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಬರೆಯೋಣ ಎಂದವರು ಬರೆಯುವುದೇ ಇಲ್ಲ.

ನಾಸಾ ಬಗ್ಗೆ ಇನ್ನೆರಡು ಮಾತು ಸೇರಿಸಬೇಕು. 1968ರ ಡಿಸೆಂಬರ್ 24ರಂದು ಅಪೊಲೊ 8ರ ಗಗನಯಾತ್ರಿ ಬಿಲ್ ಆ್ಯಂಡರ್ಸ್ ಚಂದ್ರನನ್ನು ಸುತ್ತುತ್ತ, ಅದರ ಅಂಚಿನಿಂದ ಭೂಮಿ ಮೇಲೇರುವುದನ್ನು ಕಂಡು ಬಣ್ಣದ ಚಿತ್ರ ತೆಗೆದರು. 1972ರ ಡಿಸೆಂಬರ್ 7ರಂದು ಅಪೊಲೊ 17ರಿಂದ ಇಡೀ ಭೂಮಿಯ ದುಂಡು ಚಿತ್ರ ಬಂತು. ಜಗತ್ತಿನ ಎಷ್ಟೋ ಭೂಗೋಳ ಪಠ್ಯಗಳಲ್ಲಿ ಈ ಚಿತ್ರಗಳು ಹರಡಿಕೊಳ್ಳಲು ಅವು ಯಾರ ಖಾಸಗಿ ಆಸ್ತಿಯೂ ಆಗಿರದಿದ್ದುದು ದೊಡ್ಡ ಕಾರಣ. ಅದೇ 1972ರಲ್ಲಿ ಹಾರತೊಡಗಿದ ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿಯ ಚಿತ್ರಗಳಿಗೆ ಮಾತ್ರ ಬಹುಕಾಲ ಬೆಲೆಯಿತ್ತು, ಒಂದೊಂದಕ್ಕೆ ನೂರಾರು ಡಾಲರ್. 2008ರಲ್ಲಿ ಅವನ್ನೂ ಉಚಿತ ಮಾಡಿದರು. ಅಂದಿನಿಂದ ಯಾವ ದೇಶದ ವಿದ್ಯಾರ್ಥಿಯಾದರೂ ತನ್ನ ತಾಲ್ಲೂಕಿನ ಕೆರೆ, ಕಾಡು, ಪೇಟೆ ಹತ್ತು ಇಪ್ಪತ್ತು ವರ್ಷಗಳಲ್ಲಿ ಹೇಗೆ ಬದಲಾಗಿದೆ ಎಂದು ತಾನೇ ನೋಡಬಹುದು. ರಾಯಚೂರಿನ ಹುಡುಗಿ ಕೃಷ್ಣೆ ತುಂಗಭದ್ರೆಯರ ಹರಿವನ್ನು, ಬೆಂಗಳೂರಿನ ಹುಡುಗ ತನ್ನ ಬಡಾವಣೆ ನುಂಗಿದ ಕೆರೆಯನ್ನು ಈ ಚಿತ್ರಗಳಲ್ಲಿ ಹುಡುಕಬಹುದು. ನಾಸಾದ ಷರತ್ತು ಎರಡೇ ಮುಖ್ಯ. ಅದರ ಲಾಂಛನವನ್ನು ಬಳಸಬಾರದು, ತಮ್ಮ ಸರಕನ್ನು ನಾಸಾ ಮೆಚ್ಚಿದೆ ಎಂಬ ಭಾವನೆ ಬರುವಂತೆ ಚಿತ್ರ ಹಾಕಬಾರದು. ಗಗನಯಾತ್ರಿಯ ಮುಖ ತೋರಿಸಿ ಗಡಿಯಾರ ಮಾರುವುದಕ್ಕೆ ಆ ವ್ಯಕ್ತಿಯ ಒಪ್ಪಿಗೆಯೂ ಬೇಕಾಗುತ್ತದೆ.

ಒಂದು ಚಿತ್ರದೊಳಗೆ ಒಂದಕ್ಕಿಂತ ಹೆಚ್ಚು ಹಕ್ಕುಗಳು ಅಡಗಿರಬಹುದು ಎಂಬುದಕ್ಕೆ ಒಂದು ನಿಜವಾದ ಪ್ರಕರಣ ಹೇಳುತ್ತೇನೆ. ವಾಷಿಂಗ್ಟನ್ನಿನಲ್ಲಿ ಕೊರಿಯಾ ಯುದ್ಧದ ಸ್ಮಾರಕವಿದೆ. ಸಾಲಾಗಿ ನಡೆಯುವ 19 ಸೈನಿಕರ ಲೋಹದ ಪ್ರತಿಮೆಗಳು. ಹಿಮ ಬಿದ್ದ ದಿನ ಒಬ್ಬರು ತೆಗೆದ ಫೋಟೊವನ್ನು ಅಮೆರಿಕದ ಅಂಚೆ ಇಲಾಖೆ 2003ರಲ್ಲಿ ಅಂಚೆಚೀಟಿ ಮಾಡಿತು, ಫೋಟೊ ತೆಗೆದವರಿಗೆ ಹಣವನ್ನೂ ಕೊಟ್ಟಿತು. ಆದರೆ ಪ್ರತಿಮೆ ಕಡೆದ ಫ್ರಾಂಕ್ ಗೇಲಾರ್ಡ್ ಅವರನ್ನು ಕೇಳಿರಲಿಲ್ಲ. ಸ್ಮಾರಕ ಸಾರ್ವಜನಿಕ ಸ್ಥಳದಲ್ಲಿದ್ದರೂ ಶಿಲ್ಪದ ಹಕ್ಕು ಶಿಲ್ಪಿಯದೇ ಆಗಿತ್ತು. ಮೊಕದ್ದಮೆ ವರ್ಷಗಟ್ಟಲೆ ನಡೆದು, 2013ರಲ್ಲಿ ನ್ಯಾಯಾಲಯ ಅವರಿಗೆ 6,80,000 ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಸರ್ಕಾರದ ಒಂದು ಸಂಸ್ಥೆಯೇ ಎಡವಿದ ಜಾಗವಿದು. ಹಾಗಾಗಿ ಫೋಟೊದೊಳಗೆ ಶಿಲ್ಪ, ವರ್ಣಚಿತ್ರ, ಪೋಸ್ಟರ್, ಕಂಪನಿಯ ಗುರುತು ಕಂಡರೆ ಅದರ ಹಕ್ಕು ಯಾರದೆಂದು ಒಮ್ಮೆ ಯೋಚಿಸಬೇಕು.

ಇದಕ್ಕೆ ತಿರುಗಾಮುರುಗಾದ ಪ್ರಕರಣವೂ ಇದೆ. ಕ್ಯಾರಲ್ ಹೈಸ್ಮಿತ್ ಎಂಬ ಛಾಯಾಗ್ರಾಹಕಿ ಅಮೆರಿಕದ ಊರೂರು ಸುತ್ತಿ ತೆಗೆದ ಸಾವಿರಾರು ಚಿತ್ರಗಳನ್ನು ಎಲ್ಲರ ಬಳಕೆಗೆಂದು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ದಾರೆ. ಅವರದೇ ಒಂದು ಚಿತ್ರವನ್ನು ಅವರದೇ ಪ್ರತಿಷ್ಠಾನದ ತಾಣದಲ್ಲಿ ಹಾಕಿಕೊಂಡದ್ದಕ್ಕೆ, ಚಿತ್ರ ಮಾರಾಟದ ವ್ಯವಹಾರದವರ ಪರವಾಗಿ ಅವರಿಗೆ 120 ಡಾಲರ್ ಕಟ್ಟಿ ಎಂಬ ಪತ್ರ ಬಂತು. ಅವರು 2016ರಲ್ಲಿ ಕೋರ್ಟಿಗೆ ಹೋದರು. ಹಕ್ಕನ್ನು ಬಿಟ್ಟುಕೊಟ್ಟಿದ್ದರಿಂದ ಅವರ ವಾದದ ಮುಖ್ಯ ಭಾಗ ನಿಲ್ಲಲಿಲ್ಲ. ಎಲ್ಲರದಾದ ಚಿತ್ರವನ್ನು ಮಾರಾಟಕ್ಕೆ ಇಡುವವರನ್ನು ತಡೆಯುವುದು ಕಷ್ಟ ಎಂದು ಇದರಿಂದ ತಿಳಿಯಬೇಕು. ಆದರೆ ಮೂಲ ಎಲ್ಲಿದೆ ಎಂದು ಬಲ್ಲವರು ಆ ಅಂಗಡಿಗೆ ಹೋಗಬೇಕಾಗಿಲ್ಲ.

ಇನ್ನು ನಮ್ಮ ದೇಶದ ಮಾತು. ಇಲ್ಲಿನ ಕಾನೂನು ಅಮೆರಿಕದಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸರ್ಕಾರಿ ಕೃತಿಯ ಮೊದಲ ಒಡೆತನ ಸರ್ಕಾರದ್ದು. ಪ್ರಕಟವಾದ ಮುಂದಿನ ವರ್ಷದ ಮೊದಲ ದಿನದಿಂದ 60 ವರ್ಷ ಆ ಹಕ್ಕು ಉಳಿಯುತ್ತದೆ. ಆಮೇಲೆ ಅದು ಎಲ್ಲರದು. ಹಾಗಾಗಿ ನಮ್ಮಲ್ಲಿ ಎರಡು ಬಾಗಿಲು. ಒಂದು, ಹಳೆಯದರ ಬಾಗಿಲು. ಇನ್ನೊಂದು, ಅನುಮತಿಯ ಬಾಗಿಲು.

ಹಳೆಯದರ ಬಾಗಿಲು ಕನ್ನಡಿಗರಿಗೆ ನಿಧಿಯನ್ನೇ ತೆರೆಯುತ್ತದೆ. 1855ರಲ್ಲಿ ಬೊಂಬಾಯಿ ಸರ್ಕಾರ ತನ್ನ ಫಿರಂಗಿದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಹಳೆಯ ಕಟ್ಟಡಗಳ ಫೋಟೊ ತೆಗೆಯಲೆಂದೇ ನೇಮಿಸಿತು. ಅವರು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಓಡಾಡಿ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದರು. ಅವರು ದಂಡಿಗೆ ಹಿಂದಿರುಗಿದ ಮೇಲೆ ಡಾಕ್ಟರ್ ಪಿಗು ಆ ಕೆಲಸ ಮುಂದುವರಿಸಿದರು. ಇವರ ಮತ್ತು ಇತರರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಪುಸ್ತಕಗಳಾಗಿ ಬಂದವು, ಒಂದು ಬಿಜಾಪುರದ ಬಗ್ಗೆ, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯ ಬಗ್ಗೆ. ಅದಕ್ಕೂ ಮುಂಚೆ, 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಮದರಾಸು ಸೇನೆಯ ಕ್ಯಾಪ್ಟನ್ ತನ್ನ ಆಸಕ್ತಿಯಿಂದಲೇ ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರು, ಶ್ರವಣಬೆಳಗೊಳದ ಚಿತ್ರಗಳನ್ನು ತೆಗೆದ. ಆ ಕೆಲಸ ಮೆಚ್ಚುಗೆ ಪಡೆದು 1856ರಲ್ಲಿ ಮದರಾಸು ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದ. ಜೀರ್ಣೋದ್ಧಾರಕ್ಕೆ ಮುಂಚೆ ಹಳೇಬೀಡಿನ ಗೋಡೆ ಹೇಗಿತ್ತು, ಐಹೊಳೆಯ ಗುಡಿಗಳ ಸುತ್ತ ಮನೆಗಳು ಹೇಗೆ ಹೆಣೆದುಕೊಂಡಿದ್ದವು ಎಂದು ತಿಳಿಯಬೇಕಾದವರಿಗೆ ಇವುಗಳಷ್ಟು ಹಳೆಯ ಕಣ್ಣು ಸಿಗುವುದು ಅಪರೂಪ. ಇವುಗಳ ಹಕ್ಕಿನ ಕಾಲ ಎಂದೋ ಮುಗಿದಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿ ಇವುಗಳ ಪ್ರತಿಗಳಿವೆ.

ಹಾಗೆಯೇ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. ಬಿ. ಎಲ್. ರೈಸ್, ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಅವರಂಥ ವಿದ್ವಾಂಸರು ದುಡಿದ ಇಲಾಖೆ ಅದು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಕೃಷ್ಣ ಅವರು. ಆ ವರದಿಗಳ ಚಿತ್ರಫಲಕಗಳಲ್ಲಿ ಶಾಸನಗಳು, ಮೂರ್ತಿಗಳು, ಗುಡಿಗಳ ನಕ್ಷೆಗಳು ತುಂಬಿವೆ. ಅರ್ಧ ಶತಮಾನವಲ್ಲ, ಮುಕ್ಕಾಲು ಶತಮಾನ ದಾಟಿದ ಈ ಸಂಪುಟಗಳು ಸ್ಕ್ಯಾನ್ ಆಗಿ ಓದಲು ಸಿಗುತ್ತಿವೆ. ನಿಮ್ಮ ಊರಿನ ಗುಡಿಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುವವರಿದ್ದರೆ ಮೊದಲು ಈ ವರದಿಗಳ ಪುಟ ತಿರುವಿ. ನಿಮ್ಮ ಅಜ್ಜಂದಿರ ಕಾಲದ ಗುಡಿ ಅಲ್ಲಿ ನಿಂತಿರಬಹುದು.

ಎರಡನೆಯದು ಅನುಮತಿಯ ಬಾಗಿಲು. ಕೇಂದ್ರ ಸರ್ಕಾರದ ವಾರ್ತಾ ಶಾಖೆ ಪಿಐಬಿಯ ತಾಣದಲ್ಲಿ ದಿನನಿತ್ಯದ ಸರ್ಕಾರಿ ಚಿತ್ರಗಳು ಸಿಗುತ್ತವೆ. ಅಲ್ಲಿನ ನೀತಿಯ ಪ್ರಕಾರ ಅವನ್ನು ಶುಲ್ಕವಿಲ್ಲದೆ, ಮೊದಲೇ ಅನುಮತಿ ಕೇಳದೆ ಮರುಮುದ್ರಿಸಬಹುದು. ಆದರೆ ತಿರುಚಬಾರದು, ಅವಹೇಳನಕ್ಕೋ ತಪ್ಪು ಸಂದರ್ಭಕ್ಕೋ ಬಳಸಬಾರದು, ಮೂಲವನ್ನು ಎದ್ದು ಕಾಣುವಂತೆ ಹೇಳಬೇಕು. ಬೇರೆಯವರ ಹಕ್ಕಿನದೆಂದು ಗುರುತು ಮಾಡಿದ ಸಾಮಗ್ರಿಗೆ ಈ ಅನುಮತಿ ಅನ್ವಯಿಸುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ತನ್ನ ದತ್ತಾಂಶಕ್ಕೆಂದು ಒಂದು ಮುಕ್ತ ಪರವಾನಗಿಯನ್ನೂ ಪ್ರಕಟಿಸಿತು. ಆ ಪರವಾನಗಿಯ ಅಡಿ ಬಂದದ್ದನ್ನು ವ್ಯಾಪಾರಕ್ಕೂ ಬಳಸಬಹುದು, ಮೂಲ ಹೇಳಿದರೆ ಸಾಕು. ವ್ಯಕ್ತಿಗಳ ಖಾಸಗಿ ವಿವರ, ಸರ್ಕಾರಿ ಲಾಂಛನಗಳು ಅದರಲ್ಲಿ ಸೇರುವುದಿಲ್ಲ. ನಮ್ಮ ರಾಷ್ಟ್ರಲಾಂಛನದ ದುರ್ಬಳಕೆ ತಡೆಯಲು 2005ರ ಪ್ರತ್ಯೇಕ ಕಾಯಿದೆಯೇ ಇದೆ ಎಂಬುದನ್ನು ಆಮಂತ್ರಣ ಪತ್ರಿಕೆ ಅಚ್ಚು ಮಾಡುವವರೂ ನೆನಪಿಡಬೇಕು.

ಇಲ್ಲಿ ನನ್ನದೊಂದು ಒತ್ತಾಯದ ಮಾತಿದೆ. ನಮ್ಮ ಸರ್ಕಾರಿ ಇಲಾಖೆಗಳ ಕಪಾಟುಗಳಲ್ಲಿ ಅಣೆಕಟ್ಟು ಕಟ್ಟಿದ ದಿನಗಳ, ಬರಗಾಲದ ಗಂಜಿಕೇಂದ್ರಗಳ, ಏಕೀಕರಣದ ಸಮಾರಂಭಗಳ, ಹಳೆಯ ಜಾತ್ರೆ ಸಂತೆಗಳ ಚಿತ್ರಗಳಿರುತ್ತವೆ. ಅವನ್ನು ತೆಗೆಸಿದ್ದು ನಮ್ಮ ತೆರಿಗೆಯಿಂದ. 60 ವರ್ಷ ಕಾಯಿಸುವ ಬದಲು, ಇಂಥ ಚಿತ್ರ ಇಂಥ ಷರತ್ತಿನ ಮೇಲೆ ಎಲ್ಲರಿಗೂ ಮುಕ್ತ ಎಂಬ ಒಂದೇ ಸಾಲನ್ನು ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದು ಹಾಕಲು ಹೆಚ್ಚಿನ ಖರ್ಚೇನೂ ಇಲ್ಲ. ಕನ್ನಡ ವಿಕಿಪೀಡಿಯದಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ, ಪಠ್ಯಪುಸ್ತಕ ಬರೆಯುವವರಿಗೆ, ಸಣ್ಣ ಪ್ರಕಾಶಕರಿಗೆ ಆ ಒಂದು ಸಾಲು ನೂರು ಅನುದಾನಕ್ಕೆ ಸಮ. ಸಾರ್ವಜನಿಕ ಚಿತ್ರಸಂಗ್ರಹ ಊರ ಕೆರೆಯ ಹಾಗೆ. ಯಾರು ಬೇಕಾದರೂ ಕೊಡ ತುಂಬಿಕೊಳ್ಳಬಹುದು, ಆದರೆ ಏರಿ ಕಾಯುವುದು, ಹೂಳೆತ್ತುವುದು ಎಲ್ಲರ ಕೆಲಸ.

ಚಿತ್ರದ ವಿಷಯದಲ್ಲಿ ಹೂಳೆತ್ತುವುದೆಂದರೆ ಸರಿಯಾದ ಅಡಿಬರಹ ಬರೆಯುವುದು. 2008ರ ಜನವರಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಾವಿರಾರು ಹಳೆಯ ಚಿತ್ರಗಳನ್ನು ಫ್ಲಿಕರ್ ತಾಣದಲ್ಲಿ ಇಟ್ಟು, ಗೊತ್ತಿದ್ದವರು ವಿವರ ತಿಳಿಸಿ ಎಂದು ಕೇಳಿತು. ಜನ ಊರಿನ ಹೆಸರು, ಕಟ್ಟಡದ ಗುರುತು, ವ್ಯಕ್ತಿಗಳ ಪರಿಚಯ ಬರೆದರು. ಪರಿಶೀಲಿಸಿ ಗ್ರಂಥಾಲಯ ತನ್ನ ಪಟ್ಟಿಗಳನ್ನು ತಿದ್ದಿಕೊಂಡಿತು. ಬಳಸುವವರು ಹೀಗೆ ತಿಳಿವಳಿಕೆಯನ್ನು ಹಿಂದಿರುಗಿಸಿದರೆ ಸಂಗ್ರಹ ಬೆಳೆಯುತ್ತದೆ.

ಅಡಿಬರಹ ಏಕೆ ಇಷ್ಟು ಮುಖ್ಯ ಎಂದು ತಿಳಿಯಲು, ಸ್ಟ್ರೈಕರ್ ಕಳಿಸಿದವರಲ್ಲಿ ಒಬ್ಬರಾದ ಡೊರೊತಿಯಾ ಲ್ಯಾಂಗ್ ಅವರ ಅತಿ ಪ್ರಸಿದ್ಧ ಚಿತ್ರವನ್ನು ನೋಡಬೇಕು. 1936ರ ಮೊದಲ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬೆಳೆ ಹಾಳಾಗಿ ಕೆಲಸವಿಲ್ಲದೆ ಕೂತ ಬಟಾಣಿ ಕೀಳುವ ಕೂಲಿಗಳ ಶಿಬಿರದಲ್ಲಿ ಅವರು ಒಬ್ಬ ತಾಯಿಯ ಚಿತ್ರ ತೆಗೆದರು. ಕೈ ಗಲ್ಲದ ಮೇಲೆ, ನೋಟ ದೂರಕ್ಕೆ, ಎರಡು ಮಕ್ಕಳು ಅವಳ ಹೆಗಲಿಗೆ ಮುಖ ಹುದುಗಿಸಿ ನಿಂತಿವೆ, ಮಡಿಲಲ್ಲಿ ಕೂಸು. ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಶಿಬಿರಕ್ಕೆ ಆಹಾರ ಕಳಿಸಿತು. ಚಿತ್ರಕ್ಕೆ ಆ ಶಕ್ತಿ ಇತ್ತು. ಆದರೆ ಲ್ಯಾಂಗ್ ಅವಳ ಹೆಸರು ಕೇಳಿರಲಿಲ್ಲ. ವಯಸ್ಸು 32, ಏಳು ಮಕ್ಕಳ ತಾಯಿ ಎಂದಷ್ಟೇ ಬರಹವಿತ್ತು. ನಾಲ್ಕು ದಶಕಗಳ ಮೇಲೆ, 1978ರಲ್ಲಿ ಅವಳು ಯಾರೆಂದು ಲೋಕಕ್ಕೆ ತಿಳಿಯಿತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೊಕೀ ಎಂಬ ಮೂಲನಿವಾಸಿ ಸಮುದಾಯದ ಹೆಣ್ಣುಮಗಳು. ತನ್ನ ಚಿತ್ರ ಜಗತ್ತೆಲ್ಲ ತಿರುಗಿದರೂ ತನಗೆ ಒಂದು ಕಾಸೂ ಬರಲಿಲ್ಲ ಎಂದು ಆಕೆ ನೊಂದು ಹೇಳಿಕೊಂಡರು. 1983ರಲ್ಲಿ ತೀರಿಕೊಂಡರು.

ಇಂದು ಆ ಚಿತ್ರವನ್ನು ನೀವೂ ನಾನೂ ಬಿಡಿಗಾಸಿಲ್ಲದೆ ಇಳಿಸಿಕೊಳ್ಳಬಹುದು. ಕಾನೂನು ನಮ್ಮನ್ನು ಏನೂ ಕೇಳುವುದಿಲ್ಲ. ಆದ್ದರಿಂದಲೇ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಆಕೆಯ ಹೆಸರು ಈಗ ಗೊತ್ತಿದೆ, ಬರೆಯುತ್ತೇವೆಯೇ? ಆಕೆಯನ್ನು ಯಾವುದೋ ಬಡತನದ ಲೇಖನಕ್ಕೆ ಊರು ಹೆಸರಿಲ್ಲದ ಮುಖವಾಗಿ ಅಂಟಿಸುತ್ತೇವೆಯೇ? ಅಮೆರಿಕದ ಬರದ ಚಿತ್ರವನ್ನು ಚಿತ್ರದುರ್ಗದ ಬರದ ವರದಿಗೆ ಹಾಕಿದರೆ ಅಲ್ಲಿಯವರಿಗೂ ಅನ್ಯಾಯ, ಇಲ್ಲಿಯವರಿಗೂ ಅನ್ಯಾಯ, ಓದುಗರಿಗಂತೂ ಸುಳ್ಳು. ಹಕ್ಕಿಲ್ಲದ ಚಿತ್ರಕ್ಕೂ ಒಂದು ಸತ್ಯವಿರುತ್ತದೆ. ಅದನ್ನು ಕೆಡಿಸುವ ಅಧಿಕಾರ ಯಾರಿಗೂ ಇಲ್ಲ.

ತಿದ್ದುವ ವಿಷಯದಲ್ಲೂ ಇದೇ ಎಚ್ಚರ ಬೇಕು. ಆ ತಾಯಿಯ ಚಿತ್ರದ ಕೆಳಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಕಾಣುತ್ತಿತ್ತು. ಕೆಲವು ವರ್ಷಗಳ ಮೇಲೆ ಲ್ಯಾಂಗ್ ಅದನ್ನು ನೆಗೆಟಿವ್‌ನಲ್ಲಿಯೇ ಅಳಿಸಿಹಾಕಿಸಿದರು. ಸ್ಟ್ರೈಕರ್‌ಗೆ ಅದು ಸರಿಬರಲಿಲ್ಲ. ದಾಖಲೆಯ ಚಿತ್ರವನ್ನು ಮುಟ್ಟಬಾರದು ಎಂಬ ನಿಲುವು ಅವರದು. ಒಂದು ಬೆರಳಿಗೇ ಅಷ್ಟು ಚರ್ಚೆಯಾಗಿತ್ತು. ಈಗ ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬುವ, ಮುಖ ನಗಿಸುವ, ಇಲ್ಲದ ಜನರನ್ನು ಸೇರಿಸುವ ಸಾಧನಗಳು ಎಲ್ಲರ ಮೊಬೈಲಿನಲ್ಲಿವೆ. ಬೆಳಕು ಸರಿಪಡಿಸಿ, ಅಂಚು ಕತ್ತರಿಸಿ, ಅಡ್ಡಿಯಿಲ್ಲ. ಬಣ್ಣ ಹಾಕಿದರೆ ಬಣ್ಣ ಹಾಕಿದ್ದೇವೆಂದು ಬರೆಯಿರಿ. ಅದಕ್ಕಿಂತ ಮುಂದೆ ಹೋಗುವುದಾದರೆ ಅದನ್ನು ದಾಖಲೆ ಎಂದು ಕರೆಯಬೇಡಿ.

ಕೊನೆಯದಾಗಿ, ನೀವು ಚಿತ್ರ ಬಳಸುವಾಗ ಅದರ ಕೆಳಗೆ ಐದು ಸಂಗತಿಗಳಿರಲಿ. ಚಿತ್ರದಲ್ಲಿ ಏನಿದೆ, ಎಲ್ಲಿಯದು, ಯಾವ ಇಸವಿಯದು, ತೆಗೆದವರು ಯಾರು, ಯಾವ ಸಂಗ್ರಹದಿಂದ ಬಂದದ್ದು. ಕಾನೂನು ಕೇಳದಿದ್ದರೂ ಬರೆಯಿರಿ. ಆ ಒಂದು ಸಾಲಿನಿಂದ ಓದುವವನಿಗೆ ನಂಬಿಕೆ ಬರುತ್ತದೆ, ಮುಂದೆ ಹುಡುಕುವವಳಿಗೆ ದಾರಿ ಸಿಗುತ್ತದೆ, ಬಿಸಿಲಲ್ಲಿ ಕ್ಯಾಮೆರಾ ಹೊತ್ತು ನಡೆದವರ ದುಡಿಮೆಗೆ ಬೆಲೆ ಸಿಗುತ್ತದೆ. ನಿಮ್ಮ ಶಾಲೆಯ ಮುಂದಿನ ಸಂಚಿಕೆಗೆ ಮಕ್ಕಳ ಕೈಯಲ್ಲಿಯೇ ಇಂಥ ಒಂದು ಚಿತ್ರವನ್ನು ಮೂಲದಿಂದ ಹುಡುಕಿಸಿ, ಹಕ್ಕಿನ ಟಿಪ್ಪಣಿ ಓದಿಸಿ, ಅಡಿಬರಹವನ್ನು ಕನ್ನಡದಲ್ಲಿ ಅವರಿಂದಲೇ ಬರೆಸಿ. ಕದಿಯದೆ, ಬೇಡದೆ, ಸುಳ್ಳು ಹೇಳದೆ ಒಂದು ಒಳ್ಳೆಯ ಪುಟ ಕಟ್ಟಬಹುದು ಎಂದು ಹತ್ತನೆಯ ವಯಸ್ಸಿಗೇ ಕಲಿತ ಮಗು, ನಾಳೆ ಅಧಿಕಾರಿಯಾಗಿ ಕುಳಿತಾಗ ತನ್ನ ಇಲಾಖೆಯ ಕಪಾಟಿನ ಬೀಗವನ್ನೂ ತೆಗೆಯುತ್ತದೆ ಎಂಬ ಭರವಸೆ ನನಗಿದೆ.